ಬೆನ್ನ ಕೆಳಗಿನ ಕೌದಿ

ನನ್ನ ಮೈದುನ ಹನ್ನೊಂದು ವರ್ಷ ನೆಲಕ್ಕೆ ಬೆನ್ನು ಹಚ್ಚಲಿಲ್ಲ ಎಂದರೆ ನೀವು ನಂಬುತ್ತೀರಾ? ಹಟಯೋಗಿ ಎಂದುಕೊಂಡು ಕೈ ಮುಗಿಯಬೇಡಿ. ಎರಡು ಹೊತ್ತು ರೊಟ್ಟಿ, ನಾಲ್ಕು ಹೊತ್ತು ಚಹಾ, ನಡುನಡುವೆ ಬೀಡಿ, ಎಲ್ಲವೂ ಇತ್ತು. ಮಂಚ ಬೇಡ, ಚಾಪೆ ಬೇಡ, ಕಟ್ಟೆಯೂ ಬೇಡ. ಎರಡು ಗಿಡದ ನಡುವೆ ಜೋಲಿ ಕಟ್ಟಿ ಅದರಲ್ಲಿ ತೂಗಾಡಬೇಕು! ಕೂಸನ್ನು ಮಲಗಿಸುವ ಜೋಲಿ ಯಾರು ಕಂಡಿಲ್ಲ? ಇದು ಮೀಸೆ ನೆರೆತ ಕೂಸು. ಸೀರೆ ತಡೆಯುವುದಿಲ್ಲವೆಂದು ಮನೆಯ ಹಳೆಯ ಜಮಖಾನೆಯ ಎರಡೂ ತುದಿಗೆ ಹಗ್ಗ ಬಿಗಿದು ಜೋಲಿ ಮಾಡಿಕೊಂಡಿದ್ದ. ಬಾವಲಿಯಾದರೂ ರಾತ್ರಿ ಇಳಿದು ಎಲ್ಲಾದರೂ ಹೋಗಿ ಬರುತ್ತದೆ. ಇವನಿಗೆ ಅದೂ ಇಲ್ಲ.

ನಮ್ಮದು ಶಹಾಬಾದಿನ ಹತ್ತಿರದ ಭಂಕೂರ. ಅಲ್ಲಿ ಕೆಳಗೆ ಫರಸಿ ಕಲ್ಲು, ಸುತ್ತ ಫರಸಿ ಕಲ್ಲು, ತಲೆಯ ಮೇಲೆ ಹೊಚ್ಚುವುದೂ ಫರಸಿ ಕಲ್ಲೇ. ಅಣ್ಣತಮ್ಮಂದಿರಿಬ್ಬರೂ ಮನೆಯ ಹಿಂದಿನ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದರು. ಅಣ್ಣ ನನ್ನ ಗಂಡ. ಒಂದು ದಿನ ಎಬ್ಬಿಸಿದ ಕಲ್ಲು ಜಾರಿತು. ಅವರು ಕೆಳಗಿದ್ದರು, ಇವನು ಮೇಲಿದ್ದ. ಅಷ್ಟೇ. ಕುಂತು ಅಳಬೇಕೆಂದರೆ ಎರಡು ಮಕ್ಕಳ ಹೊಟ್ಟೆಗೆ ಹಿಟ್ಟು ಬೇಕಿತ್ತು, ನಾನು ಹಿಟ್ಟು ಹುಡುಕಲು ಎದ್ದೆ. ಇವನು ಮರುದಿನದಿಂದ ನೆಲ ಬಿಟ್ಟ. ಯಾಕೋ ಎಂದರೆ, "ಕಲ್ಲು ಭಾಳ ಥಂಡಿ ಅದರಿ ವೈನಿ" ಎನ್ನುತ್ತಿದ್ದ. ಏಪ್ರಿಲ್ ತಿಂಗಳಲ್ಲಿ! ಆ ಕಲ್ಲಿನ ಮೇಲೆ ರೊಟ್ಟಿ ಬೇಯುವ ಬಿಸಿಲಿನಲ್ಲಿ!

ಸೇಡಂನಲ್ಲಿ ನಮ್ಮವರದೊಂದು ಮದುವೆ. ತನ್ನ ಊಟ ಮುಗಿದ ಮೇಲೆ ಇವನು ಚೀಲದಿಂದ ಜಮಖಾನೆ ತೆಗೆದು ಹಂದರದ ಎರಡು ಕಂಬಕ್ಕೆ ಕಟ್ಟಿ ಮಲಗಿಬಿಟ್ಟ. ಅವನು ಒಂದು ಸಲ ಮಗ್ಗಲು ಬದಲಿಸಿದ್ದೇ ತಡ, ಅರ್ಧ ಹಂದರ ಬೀಗರ ಪಂಕ್ತಿಯ ಮೇಲೆ ಬಂತು. ಹುಡುಗಿಯ ತಂದೆ ಕೂಗಾಡುತ್ತಿದ್ದರೆ ಇವನು ಜಮಖಾನೆ ಮಡಚುತ್ತಾ ಹೇಳಿದ್ದೇನು ಗೊತ್ತೇ? "ಕಂಬ ಹುಗಿದವರು ಯಾರ್ರಿ? ಮಳ ಆಳ ಸೈತ ತೋಡಿಲ್ಲ!"

ವಾಡಿ ಸ್ಟೇಷನ್ನಿನ ಕಥೆ ಇನ್ನೂ ಚಂದ. ಗಾಡಿ ತಡವೆಂದು ಪ್ಲಾಟ್‌ಫಾರ್ಮಿನ ತುದಿಯಲ್ಲಿ ಎರಡು ಕಂಬದ ನಡುವೆ ತೂಗುಬಿದ್ದಿದ್ದ, ಮುಖದ ತುಂಬ ಟವೆಲು. ಯಾರೋ ಹೆಣ ಕಟ್ಟಿ ಬಿಟ್ಟು ಹೋಗಿದ್ದಾರೆಂದು ಸುದ್ದಿಯಾಗಿ ಜನ ಸೇರಿದರು. ಪೊಲೀಸಿನವನು ದೂರ ನಿಂತು ಲಾಠಿಯಿಂದ ಮೆಲ್ಲಗೆ ತಿವಿದ. ಹೆಣ ಕೇಳಿತು: "ಗಾಡಿ ಬಂತೇನ್ರಿ?" ಪೊಲೀಸಿನವನ ಟೋಪಿ ಹಳಿಯ ಮೇಲೆ ಬಿದ್ದದ್ದನ್ನು ನಾನೇ ಎತ್ತಿಕೊಟ್ಟೆ.

ನಗುವುದೇನೋ ಸರಿ. ಆದರೆ ಮನೆಯಲ್ಲಿ ಅವನು ಮಲಗುತ್ತಿದ್ದ ಜಾಗ ನಗುವಂಥದಲ್ಲ. ಹಿತ್ತಲ ಕೊನೆಗೆ ಎರಡು ಬೇವಿನ ಗಿಡ, ಅದರಾಚೆ ಆ ಖಣಿ. ಕೆಲಸ ನಿಂತು ಅದರಲ್ಲಿ ನೀರು ಕರ್ರಗೆ ತುಂಬಿದೆ. ಕಪ್ಪೆ ಕೂಡ ಕೂಗುವುದಿಲ್ಲ. ಚಳಿಗಾಲದಲ್ಲಿ ಹೊತ್ತು ಮುಳುಗುತ್ತಲೇ ಅದರೊಳಗಿಂದ ತಂಪೊಂದು ಮೇಲೇಳುತ್ತದೆ. ಗಾಳಿ ಎನ್ನುವಂತಿಲ್ಲ, ಬೇವಿನ ಎಲೆ ಅಲುಗುವುದಿಲ್ಲ. ಸುಮ್ಮನೆ ಬಂದು ನಮ್ಮ ಕಾಲ ಬುಡದಲ್ಲಿ ನಿಲ್ಲುತ್ತದೆ.

ಹನ್ನೊಂದನೆಯ ವರ್ಷ ದಸರೆ ಕಳೆಯುವ ಹೊತ್ತಿಗೆ ಅವನ ಕೆಮ್ಮು ಓಣಿಗೆಲ್ಲ ಕೇಳುತ್ತಿತ್ತು. ಶಹಾಬಾದಿನ ಡಾಕ್ಟರು ಅವನೆದುರೇ ನನ್ನನ್ನು ಕರೆದು, "ಎದಿಯೊಳಗ ಕಲ್ಲಿನ ಧೂಳು ಕುಂತದ. ಈ ಚಳಿಗಾಲನೂ ಹಿಂಗೇ ಥಂಡ್ಯಾಗ ಮಲಗಿದರ ಉಳಿಯಂಗಿಲ್ಲ" ಎಂದರು.

"ಕೇಳಿದ್ಯಲ್ಲ? ಇವತ್ತಿಂದ ಒಳಗ ಮಲ್ಕೋ" ಎಂದೆ.

"ಆಗಂಗಿಲ್ರಿ ವೈನಿ."

"ಹಂಗಾರ ಎರಡು ಕೌದಿ ಹೊಚ್ಕೋ."

"ಥಂಡಿ ಮ್ಯಾಲಿಂದ ಬರಂಗಿಲ್ರಿ, ಕೆಳಗಿಂದ ಬರ್ತದ. ಬೆನ್ನ ಕೆಳಗ ಕಟ್ಲಿಕ್ಕೆ ಒಂದು ಕೌದಿ ಹೊಲಿದು ಕೊಡ್ರಿ."

"ಜೋಲಿಯೊಳಗ ಹಾಸ್ಕೊಂಡು ಬೀಳು!"

"ಹಾಸಿದರ ನನ್ನ ಭಾರಕ್ಕ ಚಪ್ಪಟಿ ಆಗತದ. ಅದು ಜೋಲಿ ಕೆಳಗ ಬ್ಯಾರೆನೇ ಜೋತಾಡಬೇಕು. ನನ್ನ ಬೆನ್ನು ಅದಕ್ಕ ತಾಕಬಾರದು."

"ಕೌದಿ ಮೈಗೆ ತಾಕಬಾರದು ಅನ್ನೋ ಮನಷ್ಯಾನ್ನ ಇವತ್ತೇ ನೋಡಿದೆ ನೋಡಪ್ಪ!"

ಆದರೆ ಅವನ ಮಾತು ಖರೆ. ಹಿಂಜಿದ ಹತ್ತಿಗೆ ಬಿಸಿ ಇರುತ್ತದೆ, ಒತ್ತಿದ ಹತ್ತಿ ಬರೀ ಬಟ್ಟೆ. ಮೊದಲು ಹಳೆಯ ಸೀರೆಗಳದ್ದೇ ಕೌದಿ ಹೊಲಿದು ಕಟ್ಟಿದೆ. ಭಾರಕ್ಕೆ ಎರಡು ಗೇಣು ಕೆಳಗೆ ಜೋತುಬಿತ್ತು, ನಡುವೆ ನಾಯಿ ದಾಟಬಹುದಿತ್ತು. ಪಿಂಜಾರರ ಮನೆಯಿಂದ ಹತ್ತಿ ತಂದು ತುಂಬಿದೆ. ರಾತ್ರಿಯೆಲ್ಲ ಹತ್ತಿ ಜಾರಿ ನಡುವಿಗೆ ಬಂದು ಬೆಳಗಾಗುವಾಗ ದಿನ ತುಂಬಿದ ಎಮ್ಮೆಯ ಹೊಟ್ಟೆ! ಮೂರನೆಯ ಸಲ ಬುದ್ಧಿ ಬಂತು. ಹೊಲದ ಸಾಲಿನಂತೆ ಅಡ್ಡಡ್ಡ ಹೊಲಿದು, ಸಾಲುಸಾಲಿಗೆ ಬೇರೆ ಹತ್ತಿ ತುಂಬಿದೆ. ಎರಡೂ ತುದಿ ಮಡಚಿ ಲಂಗದ ಲಾಡಿ ಪೋಣಿಸಿದೆ, ಎಳೆದರೆ ಬಿಗಿ, ಬಿಟ್ಟರೆ ಸಡಿಲ. ನಾಲ್ಕು ಮೂಲೆಗೆ ಸೈಕಲ್ ಟ್ಯೂಬಿನ ಪಟ್ಟಿ ಹಾಕಿ ಜೋಲಿಯ ಹಗ್ಗಕ್ಕೆ ಸಿಗಿಸಿದೆ. ಕೌದಿ ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ತುಂಡು ರೊಟ್ಟಿ ಇಟ್ಟು ಹೊಲಿಯುವುದು ನಮ್ಮ ಮನೆಯ ರೂಢಿ, ಹಸಿದ ಕೌದಿ ಹೊದ್ದವರನ್ನು ತಿನ್ನುತ್ತದಂತೆ. ಅದನ್ನೂ ಇಟ್ಟೆ.

ಎರಡು ದಿನ ಆಗಿರಲಿಲ್ಲ, ಹಾಲು ಕೊಡುವವಳು ಬಾಗಿಲಲ್ಲೇ ನಿಂತು ಕೇಳಿದಳು: "ಯವ್ವಾ, ನಿಮ್ಮ ಮೈದುನರು ಒಬ್ಬರೇ ಮಲಗ್ತಾರೇನ್ರಿ?"

"ಮತ್ತ? ಮದಿವಿ ಮಾಡೀಯೇನು?"

"ಅವರ ಕೆಳಗ ಇನ್ನೊಬ್ಬರು ಮಲಗ್ಯಾರಲ್ರಿ... ಬೋರಲಾಗಿ."

ಬೈದು ಕಳಿಸಿದೆ. ಆದರೂ ಅಂದು ಸಂಜೆ, ಅವನು ಬೀಡಿ ತರಲು ಹೋದಾಗ, ಹಿತ್ತಲಿಗೆ ಹೋಗಿ ನೋಡಿದೆ. ಖಾಲಿ ಜೋಲಿ ತೆಳ್ಳಗೆ ಜೋತಿತ್ತು. ಅದರ ಕೆಳಗೆ ನನ್ನ ಕೈಯಾರೆ ಹೊಲಿದ ಕೌದಿಗೆ ಹೆಗಲಿತ್ತು, ನಡುವಿತ್ತು, ಕಾಲಿತ್ತು. ಬೇವಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಕೌದಿ ಮಾತ್ರ ಮೆಲ್ಲಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಕಸಬರಿಗೆಯಿಂದ ಹಾವು ಬಡಿದವಳು ನಾನು. ಅಂದು ಹತ್ತು ಹೆಜ್ಜೆ ಈಚೆಯೇ ನಿಂತೆ.

ಮರುದಿನ ಹೊತ್ತು ಮುಳುಗುವಾಗ ಹಿಟ್ಟು ನಾದುತ್ತಿದ್ದೆ. ಹಿತ್ತಲಿನಿಂದ ಕೂಗು ಬಂತು. "ಅಣ್ಣಾ! ಅಣ್ಣಾ!"

ಹಿಟ್ಟಿನ ಕೈಯಲ್ಲೇ ಓಡಿದೆ. ಮೈದುನ ಜೋಲಿಯಿಂದ ಧುಮುಕಿ ಮೊಳಕಾಲೂರಿ ಕುಂತಿದ್ದ. ಖಾಲಿ ಜಮಖಾನೆಗೆ ಹೆಗಲು ಕೊಟ್ಟು, ಕೊರಳ ನರ ಉಬ್ಬಿಸಿ, ಹತ್ತಾಳಿನ ಭಾರ ಎತ್ತುವವನಂತೆ ಅದನ್ನು ಕೌದಿಯಿಂದ ಮೇಲೆತ್ತುತ್ತಿದ್ದ. ಕೌದಿಯ ಮೂಲೆ ಒದ್ದಾಡಿತು. ಹೊಲಿಗೆ ಕಡಿದುಕೊಂಡು ಒಂದು ಇಲಿ ಹೊರಗೆ ಜಿಗಿದು, ರೊಟ್ಟಿಯ ತುಂಡು ಕಚ್ಚಿಕೊಂಡೇ ಓಡಿತು!

ನನಗೆ ನಗು ತಡೆಯಲಿಲ್ಲ. "ಬಿಡೋ ಮಾರಾಯಾ, ಇಲಿ ಹ್ವಾತು!"

ಅವನು ಬಿಡಲಿಲ್ಲ. "ಕೆಳಗ ಅಲುಗಿದ್ರಿ ವೈನಿ. ನನ್ನ ಭಾರ ಬಿತ್ತು."

"ಯಾರ ಮ್ಯಾಲೆ?"

ಹೆಗಲಿನಿಂದ ಜಮಖಾನೆ ಇಳಿಸಿದ. ಆಮೇಲೆ ಖಣಿಯ ಕಡೆ ನೋಡುತ್ತಾ ಹೇಳಿದ: "ಅವತ್ತು ಕಲ್ಲು ಜಾರಿದಾಗ ನಾ ಅದರ ಮ್ಯಾಲೇ ನಿಂತಿದ್ದೆ. ಕೆಳಗಿಂದ ಅಣ್ಣ 'ಇಳಿಯೋ' ಅಂದ. ಎರಡು ಸಲ ಅಂದ. ನನ್ನ ಕಾಲೇ ಏಳಲಿಲ್ಲ. ಮೂರನೇ ಸಲ ಅನ್ನಲಿಲ್ಲ. ನೆಲಕ್ಕ ಬೆನ್ನು ಹಚ್ಚಿದರ ಇನ್ನೂ ಕೇಳತದ್ರಿ."

ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಗಂಡನ ಕೊನೆಯ ಮಾತನ್ನು ಹನ್ನೊಂದು ವರ್ಷ ತನ್ನ ಹತ್ತಿರವೇ ಇಟ್ಟುಕೊಂಡಿದ್ದನಲ್ಲ! ನಾನೋ, ಇವನ ಹುಚ್ಚನ್ನು ಊರಿಗೆಲ್ಲ ಹೇಳಿ ನಗಿಸುತ್ತಿದ್ದೆ. ಆ ಕಲ್ಲಿಗೆ ಒಬ್ಬ ಮನುಷ್ಯನ ಭಾರ ಯಾವ ಲೆಕ್ಕವೋ ಎಂದು ಹೇಳಬಹುದಿತ್ತು. ಅಷ್ಟು ಅವನಿಗೆ ಗೊತ್ತಿಲ್ಲವೇ? ಕಲ್ಲು ಒಡೆದೇ ಬೆಳೆದವನು.

"ಹತ್ತು ಮ್ಯಾಲೆ" ಎಂದೆ.

"ತಾಕಿದರ?"

"ಹತ್ತೋ!"

ಹತ್ತಿದ. ಅವನು ಕೆಮ್ಮಿದಂತೆಲ್ಲ ಗಿಡ ಎರಡೂ ನಡುಗಿದವು. ನಾನು ಟ್ಯೂಬಿನ ಪಟ್ಟಿ ಒಂದು ಗಂಟು ಸಡಿಲಿಸಿ, ಬಗ್ಗಿ, ಜಮಖಾನೆಗೂ ಕೌದಿಗೂ ನಡುವೆ ಕೈ ತೂರಿಸಿದೆ. ಮೇಲೆ ಅವನ ಬೆನ್ನಿನ ಬಿಸಿ, ಕೆಳಗೆ ಹತ್ತಿ, ನಡುವೆ ನಾಲ್ಕು ಬೆರಳಿನಷ್ಟು ಬಯಲು.

"ತಾಕ್ಯಾದೇನ್ರಿ?"

"ಇಲ್ಲ."

"ಖರೇ?"

"ನನ್ನ ಕೈ ಅದ ಅಲ್ಲಿ. ಯಾರ ಮ್ಯಾಲೂ ಬಿದ್ದಿಲ್ಲ ನೀ. ಮಲ್ಕೋ."

ಕೆಮ್ಮು ನಿಧಾನಕ್ಕೆ ತಗ್ಗಿತು. ಆಮೇಲೆ ಗೊರಕೆ ಕೇಳಿಸಿತು. ಒಳಗೆ ಹಿಟ್ಟು ಒಣಗುತ್ತಿತ್ತು, ದೀಪ ಹಚ್ಚಿರಲಿಲ್ಲ, ನನ್ನ ತೋಳು ಜೋಮು ಹಿಡಿದಿತ್ತು. ಕೈ ತೆಗೆಯಲಿಲ್ಲ. ಖಣಿಯ ತಂಪು ಬಂದು ಕಾಲಿನ ಹತ್ತಿರ ನಿಂತಿತು. ಕೆಳಗಿನಿಂದ ಯಾರೂ ಏನೂ ಅನ್ನಲಿಲ್ಲ. ಸುಳ್ಳು ಯಾಕೆ ಹೇಳಲಿ, ನಾನು ಬಗ್ಗಿಯೇ ನಿಂತು ಕಿವಿಗೊಟ್ಟು ಕೇಳಿದೆ. ಒಂದು ಮಾತಾದರೂ ಅನ್ನಲಿ ಎಂದೇ ಕೇಳಿದೆ.