ಸಮುದ್ರದಂಡೆಯಲ್ಲಿ ಅಡವಿಟ್ಟ ವಾಲ್ವ್ ಕೀ

ಹೊನ್ನಾವರದ ಆಚೆ ಒಂದು ಬಂಡೆಯ ಮೇಲೆ ನಿಂತು, ತಲೆಗೂದಲಿನಷ್ಟು ತೆಳ್ಳನೆಯ ದಾರದಲ್ಲಿ ನಾನು ಎಳೆದ ಮೀನಿನ ತಲೆ ಹೊಳಲ್ಕೆರೆ ಬಸ್ ಸ್ಟ್ಯಾಂಡ್ ಮುಟ್ಟಿದಾಗ, ಅದರ ಬಾಲ ಇನ್ನೂ ನೀರಲ್ಲೇ ಇತ್ತು. ದಾರ ಹರಿಯಲಿಲ್ಲ, ನನಗೆ ಏದುಸಿರೂ ಬರಲಿಲ್ಲ. ಈ ಪಾಲಣ್ಣ ಎಂದರೆ ಸಮುದ್ರಕ್ಕೂ ಒಂದು ಅಳುಕು. ಇರಲಿ, ನನ್ನ ದೊಡ್ಡಸ್ತಿಕೆ ಇವತ್ತಿನ ವಿಷಯವಲ್ಲ. ನಮ್ಮ ಧರ್ಮಪುರದ ವಾಟರ್‌ಮನ್ ಎರ್ರಿಸ್ವಾಮಿಯ ದಡ್ಡತನವೇ ವಿಷಯ.

ನಮ್ಮೂರಿನ ನಲ್ಲಿಗೆ ಐದು ದಿನಕ್ಕೊಮ್ಮೆ ನೀರು. ಬಿಡುವವನು ಎರ್ರಿಸ್ವಾಮಿ. ಪೈಪಿನ ವಾಲ್ವ್ ತಿರುಗಿಸುವ ಸೊಂಟದೆತ್ತರದ ಕಬ್ಬಿಣದ ಕೀ ಸದಾ ಅವನ ಹೆಗಲ ಮೇಲೆ. ಊರಿಗೆಲ್ಲ ಇರುವುದು ಅದೊಂದೇ. ಮನೆಯಲ್ಲಿ ಬಿಟ್ಟರೆ ಯಾರಾದರೂ ಎತ್ತಿಕೊಂಡು ಹೋಗಿ ತಮ್ಮ ಬೀದಿಗೆ ನೀರು ತಿರುಗಿಸಿಕೊಂಡಾರು ಎಂದು ಮದುವೆಮನೆಗೂ ಹೊತ್ತೇ ಹೋಗುತ್ತಾನೆ. ಅಕ್ಷತೆ ಹಾಕುವಾಗ ಅದು ಕಂಕುಳಲ್ಲಿರುತ್ತದೆ. ಗದೆ ಹೊತ್ತ ಭೀಮನಂತೆ ಕಾಣುತ್ತೇನೆಂದು ಅವನ ನಂಬಿಕೆ. ಕಾಣುತ್ತಾನೆ ನಿಜ, ಆರು ತಿಂಗಳು ಉಪವಾಸ ಬಿದ್ದ ಭೀಮನಂತೆ.

ಹಿಂದಿನ ಸಲ ನೀರು ಬಿಡುವುದನ್ನೇ ಮರೆತು ಮಲಗಿದ್ದಕ್ಕೆ ಪಂಚಾಯ್ತಿ ಅಧ್ಯಕ್ಷೆ ದುರುಗಕ್ಕ ಕೊನೆಯ ಎಚ್ಚರಿಕೆ ಕೊಟ್ಟಿದ್ದರು: "ಸೋಮವಾರ ಏಳು ಗಂಟೆಗೆ ನಲ್ಲೀಲಿ ನೀರು ಬರ್ಲಿಲ್ಲ ಅಂದ್ರೆ, ಎಂಟು ಗಂಟೆಗೆ ನಿನ್ ಕೆಲಸ ಇರಲ್ಲ ನೋಡಪ್ಪ."

ಇಂಥ ಆಸಾಮಿ ಶನಿವಾರ ರಾತ್ರಿಯ ಬಸ್ಸಿಗೆ ನನ್ನ ಬೆನ್ನು ಹತ್ತಿ, ಭಾನುವಾರ ಹೊನ್ನಾವರದ ಸಮುದ್ರಕ್ಕೆ ಬಂದ, ಕೀ ಸಮೇತ. ಮಾರಿಕಣಿವೆ ಡ್ಯಾಮಿನಲ್ಲಿ ಜಿಲೇಬಿ ಮೀನು ಹಿಡಿದು ಹಿಡಿದು ನನಗೆ ಬೇಸರವಾಗಿತ್ತು. ಅದಕ್ಕೇ ಒಂದು ಹಗುರ ಗಾಳದ ಕೋಲು, ತೆಳ್ಳನೆಯ ದಾರ, ಎರೆಯ ಬದಲು ಕಟ್ಟಲು ಹೆಬ್ಬೆರಳುದ್ದದ ಪ್ಲಾಸ್ಟಿಕ್ ಮೀನು ತರಿಸಿದ್ದೆ.

"ಈ ದಾರದಾಗೆ ಮಲ್ಲಿಗೆ ಕಟ್ಟಕ್ಕೂ ಆಗಲ್ಲ ಕಣೋ ಪಾಲಣ್ಣ," ಎಂದ ಎರ್ರಿಸ್ವಾಮಿ.

"ತೆಳ್ಳಗಿದ್ರೆ ಮೀನಿಗೆ ಕಾಣಲ್ಲ ಲೇ. ನಿನ್ನಂಥೋನಿಗೆ ಇದೆಲ್ಲ ಹೇಳಿದ್ರೆ ತಿಳೀತೈತಾ?"

ದಂಡೆಯಲ್ಲಿ ಒಬ್ಬ ದೋಣಿಯವನಿದ್ದ. ಇಬ್ಬರು ಕೂರುವ ಪ್ಲಾಸ್ಟಿಕ್ ಕಯಾಕ್ ತೋರಿಸಿದ. ನಮ್ಮ ಕಣ್ಣಿಗೆ ಅದು ದನಕ್ಕೆ ಮುಸುರೆ ಇಡುವ ಬಾನಿಯಂತೆ ಇತ್ತು. "ಏನಾದ್ರೂ ಇಟ್ಟು ಹೋಗಿ ಮಾರಾಯ್ರೆ. ಸಂಜೆ ದೋಣಿ ಕೊಟ್ಟು ತಕ್ಕೊಳ್ಳಿ," ಎಂದ.

ಎರ್ರಿಸ್ವಾಮಿಯ ಫೋನು ಟೇಪು ಸುತ್ತಿಕೊಂಡು ಬದುಕಿತ್ತು. ದೋಣಿಯವ ಮುಟ್ಟಲೂ ಇಲ್ಲ. ನನ್ನದನ್ನು ಕೊಡಬಹುದಿತ್ತು. ಆದರೆ ನಾನು ಹಿಡಿಯುವ ಮೀನಿನ ಫೋಟೊ ತೆಗೆಯುವುದು ಹೇಗೆ? ಕೊನೆಗೆ ವಾಲ್ವ್ ಕೀ ಅಡವಾಯಿತು. ಭಾರ ಇಳಿದದ್ದೇ ಅವನ ಬಲಹೆಗಲು ಗೇಣುದ್ದ ಮೇಲೆದ್ದಿತು.

ಹುಟ್ಟು ಹಾಕುವುದರಲ್ಲಿ ಅವನ ಪ್ರತಾಪ ಕೇಳಬೇಡಿ. ನಾನು ಮುಂದಕ್ಕೆ ಹಾಕಿದರೆ ಅವನು ಹಿಂದಕ್ಕೆ. ಕಯಾಕ್ ಗಾಣದ ಎತ್ತಿನಂತೆ ಒಂದೇ ಕಡೆ ಸುತ್ತಿತು. ಬಲೆ ಎಳೆಯುತ್ತಿದ್ದ ಹೆಂಗಸರು ಬಲೆ ಬಿಟ್ಟು ನಮ್ಮನ್ನು ನೋಡಿದರು. ಗಾಳ ಬೀಸು ಎಂದರೆ ನನ್ನ ಅಂಗಿಯ ಕಾಲರಿಗೇ ಬೀಸಿದ. ಮಧ್ಯಾಹ್ನದ ಹೊತ್ತಿಗೆ, ದಂಡೆಯಿಂದ ಕೂಗಳತೆ ದೂರದ ಬಂಡೆ ಸೇರಿದೆವು. ಆಗ ನೀರು ತಾನೇ ಇಳಿಯುತ್ತ ಇಳಿಯುತ್ತ ಕಯಾಕ್ ಮರಳಿನ ಮೇಲೆ ಕೂತಿತು.

ಕಟ್ಟಲು ನಾನು ಹಗ್ಗ ತೆಗೆದೆ. ಎರ್ರಿಸ್ವಾಮಿ ವಾಟರ್‌ಮನ್ನಿನ ಗತ್ತಿನಲ್ಲಿ ನಕ್ಕ.

"ನೀರು ನಿಲ್ಸವ್ರೆ ಕಣೋ. ಒಂದ್ಸಲ ನಿಂತ್ರೆ ಇನ್ನು ಐದು ದಿನ ಬರಲ್ಲ. ಕಟ್ಟಾದ್ಯಾಕೆ?"

ನೋಡಿದಿರಾ ಬುದ್ಧಿ! ಅರಬ್ಬಿ ಸಮುದ್ರಕ್ಕೂ ಒಬ್ಬ ವಾಟರ್‌ಮನ್ ಇದ್ದಾನೆಂದು ತಿಳಿದವನು. ಸಮುದ್ರ ಅರೆದು ಕುಡಿದ ನನ್ನ ಮಾತು ಅವನ ಕಿವಿಗೆ ಹೋಗಲೇ ಇಲ್ಲ.

ಬಂಡೆಯ ಆಚೆ ಬದಿಗೆ ಹೋಗಿ ಗಾಳ ಬೀಸಿದೆವು. ತುಂಬಾ ಹೊತ್ತಿನ ಮೇಲೆ ಅವನ ಕೈಯಲ್ಲಿ ಕೋಲು ಬಿಲ್ಲಾಗಿ ಬಾಗಿತು. ಮೊಳದುದ್ದದ ಕೆಂಪು ಮೀನು ಕಾಲ ಹತ್ತಿರವೇ ಹೊಳೆಯಿತು. ಆದರೆ ವಾಲ್ವ್ ತಿರುಗಿಸಿ ಅಭ್ಯಾಸವಾದ ಕೈ ದಾರ ಸುತ್ತುವ ರೀಲನ್ನು ಉಲ್ಟಾ ತಿರುಗಿಸಿತು. ದಾರ ಸಡಿಲವಾಯಿತು, ಮೀನು ಮನೆಗೆ ಹೋಯಿತು. ಆ ಸಂಕಟದಲ್ಲಿ ಹಿಂದಿರುಗಿ ನೋಡಿದರೆ ಮರಳೇ ಇಲ್ಲ. ನೀರು ಬಂಡೆಯನ್ನು ಸುತ್ತಿ ನಿಂತಿದೆ, ಕಯಾಕ್ ಗಾಳಿಗೆ ಸಿಕ್ಕಿ ದುಬೈ ಕಡೆ ಹೊರಟಿದೆ.

ನಮ್ಮನ್ನು ಬಲೆಯ ದೋಣಿಯವರು ಮೂಟೆಯಂತೆ ಎತ್ತಿ ಹಾಕಿಕೊಂಡು ದಂಡೆಗೆ ತಂದರು. ಎರ್ರಿಸ್ವಾಮಿ ಕಯಾಕ್ ಕೊಟ್ಟವನ ಕಾಲು ಹಿಡಿದ. "ಅಣ್ಣ, ಅದಿಲ್ದಿದ್ರೆ ನನ್ ಕೆಲಸ ಹೋಗ್ತೈತೆ."

"ದೋಣಿ ಬರ್ಲಿ, ಕೀಯೂ ಬರ್ತದೆ," ಎಂದು ಅವನು ಕೀಯನ್ನು ಒಳಗಿಟ್ಟು ಬೀಗ ಹಾಕಿದ.

ಸೋಮವಾರ ಬೆಳಗ್ಗೆ ಬಸ್ಸಿಳಿದಾಗ ನಲ್ಲಿಯಿಂದ ಬಸ್ ನಿಲ್ದಾಣದವರೆಗೂ ಬಿಂದಿಗೆಗಳ ಸಾಲು. ಎದುರಿಗೆ ದುರುಗಕ್ಕ. ಬರಿಹೆಗಲಿನ ಎರ್ರಿಸ್ವಾಮಿ ಬಟ್ಟೆಯಿಲ್ಲದವನಂತೆ ಕುಗ್ಗಿ ನಿಂತ. ಅವನಿಗೆ ಬಾಯಿಲ್ಲವಲ್ಲ ಎಂದು ನಾನೇ ಮುಂದೆ ಹೋಗಿ, ನಿಮಗೆ ಹೇಳಿದ ಹಾಗೆಯೇ ಎಲ್ಲವನ್ನೂ ಹೇಳಿದೆ.

ದುರುಗಕ್ಕ ಪೂರಾ ಕೇಳಿದರು. "ನನ್ನ ತಂಗೀನ ಕುಮಟಾಕ್ಕೆ ಕೊಟ್ಟೀವಿ ಪಾಲಣ್ಣ. ನೀನೂ ಸಮುದ್ರ ಬಲ್ಲೋನು. ಹೇಳು ನೋಡಾಣ, ಅಲ್ಲಿ ನೀರು ಏರಾದು ಯಾವಾಗ?"

"ಅದಾ ಅಕ್ಕ? ಅಮಾಸೆಗೊಂದ್ಸಲ, ಹುಣ್ಣಿಮೆಗೊಂದ್ಸಲ."

"ದಿನಕ್ಕೆ ಎರಡು ಸಲ." ದುರುಗಕ್ಕ ಎರ್ರಿಸ್ವಾಮಿಯ ಕಡೆ ತಿರುಗಿದರು. "ಐದು ದಿನ ನೀರು ಬರಲ್ಲ ಅಂದೋನು ಯಾರೋ?"

ಎರ್ರಿಸ್ವಾಮಿ ನನ್ನನ್ನು ನೋಡಿದ. ನೂರು ಬಿಂದಿಗೆಗಳ ಬಾಯಿಯೂ ನನ್ನ ಕಡೆಗೇ ತಿರುಗಿದಂತಾಯಿತು.

"ನಾನೇ ಅಕ್ಕ," ಎಂದೆ. "ಕಟ್ಟಾಣ ಅಂತ ಹಗ್ಗ ತೆಗೆದೋನು ಅವನು. ಬ್ಯಾಡ ಅಂದೋನು ನಾನು. ಕೀ ಅಡ ಇಡು ಅಂದಿದ್ದೂ ನಾನೇ. ಮೀನು ಅವನಿಗೆ ಸಿಕ್ತು, ನಾನು ಕೋಲು ಕಿತ್ಕಂಡು ರೀಲು ಉಲ್ಟಾ ತಿರುಗಿಸ್ದೆ. ನಂಗೇನ್ ಗೊತ್ತಕ್ಕ, ಸಮುದ್ರ ನೋಡಿದ್ದು ನಿನ್ನೇನೇ ಮೊದಲು."

ಎರ್ರಿಸ್ವಾಮಿಯ ಮುಖಕ್ಕೆ ಜೀವ ಬಂತು. "ನೋಡಕ್ಕ, ನನ್ ತಪ್ಪೇನೂ ಇಲ್ಲ."

"ನೀನೇ ತಿಳೀದೆ ಮಾಡಿದ್ರೆ ಇನ್ನೊಂದ್ಸಲ ನೋಡಾಣ ಅಂತಿದ್ದೆ ಕಣಪ್ಪ," ಎಂದರು ದುರುಗಕ್ಕ, ಖಾಲಿ ಬಿಂದಿಗೆ ಸೊಂಟಕ್ಕೇರಿಸುತ್ತ. "ಇದೇ ಊರಾಗೆ ಹುಟ್ಟಿ ಬೆಳೆದೂ ಪಾಲಣ್ಣನ ಮಾತು ನಂಬಿದೀಯ. ಇಂಥೋನ ಕೈಗೆ ಊರಿನ ನೀರು ಕೊಡಾಕಾಗಲ್ಲ."