ಅತ್ತೆಯ ಇಸ್ಟೇಡಿಯಮ್ಮು

ನಮ್ಮ ಸೋದರತ್ತೆಗೆ ತಲೆ ಕೆಟ್ಟಿದೆ ಎಂದು ಇಬ್ರಾಹಿಂಪುರ ಓಣಿಯಲ್ಲಿ ಮೊದಲು ಸಾರಿದವನು ನಾನಲ್ಲ. ಆ ಗೌರವ ಮನೆ ಕಟ್ಟುವ ಗೌಂಡಿಗೆ ಸೇರಬೇಕು. ನಾನು ಎರಡನೆಯವನು, ಅಷ್ಟೆ! ಗೌಂಡಿಯದೂ ತಪ್ಪಿಲ್ಲ ಬಿಡಿ. ಅರವತ್ತರ ದಶಕದ ವಿಜಾಪುರದಲ್ಲಿ, ತಲೆಯ ಮೇಲಿನ ಸೆರಗು ಜಾರಗೊಡದ ಒಬ್ಬ ಗೃಹಿಣಿ ಮನೆಗೆ ಕರೆಸಿ, "ನನಗೊಂದು ಇಸ್ಟೇಡಿಯಮ್ಮು ಕಟ್ಟಿಕೊಡಪಾ" ಎಂದರೆ ಆತ ಏನು ತಿಳಿಯಬೇಕು? ಹೊಸ ಮಾದರಿಯ ಒಲೆ ಇರಬೇಕೆಂದುಕೊಂಡು ಅಳತೆಪಟ್ಟಿ ಹಿಡಿದು ನೇರ ಅಡಿಗೆಮನೆಗೆ ನಡೆದುಬಿಟ್ಟ!

ಅತ್ತೆಯ ಮನೆ ರೈಲು ಹಳಿಯ ಸಮೀಪ. ಮನೆಯ ಪಕ್ಕಕ್ಕೆ ದೊಡ್ಡದೊಂದು ಖಾಲಿ ಬಯಲು. ಅದು ನಮ್ಮ ಮಾವನದು. ಪೇಟೆಯಲ್ಲಿ ಜೋಳದ ಅಡತಿ ಅಂಗಡಿ ಇಟ್ಟಿದ್ದ ಮಾವ ಅಲ್ಲಿ ಗೋದಾಮು ಕಟ್ಟಿಸಬೇಕೆಂದು ಮದುವೆಯಾದ ವರ್ಷದಿಂದ ಹೇಳುತ್ತ ಬಂದಿದ್ದರು. ಅವರು ಹೇಳುತ್ತಿರುವಾಗಲೇ ಓಣಿಯ ಹುಡುಗರು ಅಲ್ಲಿ ಫುಟ್‌ಬಾಲ್ ಆಡಲು ಶುರುಮಾಡಿದರು. ಹುಡುಗರು ಎಂದರೆ ಚಿಕ್ಕವರಲ್ಲ. ಮೀಸೆ ಬಂದವರು. ನಾಯಕ ಒಬ್ಬ ಸಿಂಪಿಗ, ಗೋಲು ಕಾಯುವವನು ಸ್ಟೇಷನ್ನಿನ ಹಮಾಲ, ಎಲ್ಲರಿಗಿಂತ ಜೋರಾಗಿ ಓಡುವವನು ಟಾಂಗಾ ಹೊಡೆಯುವವನು. ದಿನವೆಲ್ಲ ಕುದುರೆ ಓಡುತ್ತಿತ್ತು, ಸಂಜೆ ಇವನು!

ಅತ್ತೆಗೂ ಅವರಿಗೂ ಪರಿಚಯವಾದದ್ದು ಜಗಳದಿಂದ. ಮಾಳಿಗೆಯ ಮೇಲೆ ಒಣಗಿಸಿದ್ದ ಸಂಡಿಗೆಯ ಮೇಲೆ ಚೆಂಡು ಬಂದು ಕೂತಿತು. ಅತ್ತೆ ಚೆಂಡನ್ನು ಒಳಗಿಟ್ಟು ಕದ ಹಾಕಿದಳು. ನಾಯಕ ಬಂದು ಬಾಗಿಲಲ್ಲಿ ಕೈಮುಗಿದ.

"ಚೆಂಡು ಕೊಡ್ತೀನಿ," ಅಂದಳು ಅತ್ತೆ. "ಆದ್ರ ಮೊದಲ ಇದನ್ನ ಹೇಳು. ಎಲ್ಲಾರೂ ಒಂದ ಚೆಂಡಿನ ಬೆನ್ನ ಹತ್ತಿ ಓಡ್ತೀರಲ್ಲ, ಅದೇನು ಕಳುವಿನ ಮಾಲೇನು? ಎಡಗಡೆ ಬಯಲೆಲ್ಲಾ ಖಾಲಿ ಬಿದ್ದಿರ್ತೈತಿ. ಅಲ್ಲೊಬ್ಬಾಂವ ಯಾಕ ನಿಂದ್ರಂಗಿಲ್ಲ?"

ನಾಯಕ ಚೆಂಡು ಇಸಿದುಕೊಂಡು ಎಡಗಡೆ ಬಯಲನ್ನೇ ನೋಡುತ್ತ ಹೋದ. ಮರುದಿನ ಟಾಂಗಾದವನನ್ನು ಎಡಗಡೆ ನಿಲ್ಲಿಸಿದರು. ತಂಡ ಹುಟ್ಟಿದಂದಿನಿಂದ ಮೊದಲ ಸಲ ಪಕ್ಕದ ಓಣಿಯವರ ಮೇಲೆ ಗೆದ್ದಿತು! ಅಂದಿನಿಂದ ಸಂಜೆಯಾದರೆ ಮಾಳಿಗೆಯಿಂದ ಅತ್ತೆಯ ದನಿ: "ಏ ಹಮಾಲಣ್ಣ, ಗಂಟು ಹೊತ್ತಂಗ ನಿಂತೀಯಲ್ಲ, ಮುಂದ ಬಾ!"

ಹೀಗೆ ಸುಖವಾಗಿರುವಾಗ ಒಂದು ದಿನ ನಾಯಕ ಮುಖ ಸಣ್ಣ ಮಾಡಿಕೊಂಡು ಬಂದ. ಬೇರೆ ಊರಿನ ತಂಡಗಳು ಇಲ್ಲಿ ಆಡಲು ಬರುತ್ತಿರಲಿಲ್ಲ. ಬರುವುದಾದರೂ ಹೇಗೆ? ಗೆರೆ ಇಲ್ಲ, ಕಂಬ ಇಲ್ಲ, ಕೂಡಲು ಜಾಗವಿಲ್ಲ, ನಡುವೆ ಎಮ್ಮೆಗಳ ಓಡಾಟ ಬೇರೆ! ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯವರು ಮಾತ್ರ, "ನಮ್ಮಲ್ಲಿ ಸ್ಟೇಡಿಯಂ ಇದೆ, ಅಷ್ಟೂ ಜನ ಇಲ್ಲಿಗೇ ಬಂದು ಇರಿ, ಇಲ್ಲೇ ಆಡಿ" ಎಂದು ಹೇಳಿಕಳಿಸಿದ್ದರಂತೆ.

"ಹುಡುಗರು ಹೋಗೂಣು ಅನ್ನಾಕತ್ತಾರ, ಅವ್ವಾರ."

"ಇಸ್ಟೇಡಿಯಮ್ಮು ಅಂದ್ರ ಏನದು?"

"ಸುತ್ತಲೂ ಪಾವಟಿಗಿ ಇರ್ತಾವ್ರಿ, ಮಂದಿ ಕೂಡ್ತಾರ. ನಡುವ ಬಯಲು."

"ಅಂದ್ರ ನೀರಿಲ್ಲದ ಬಾಂವಿ!" ಅತ್ತೆ ನಿರಾಳವಾದಳು. "ಅದಕ್ಯಾಕ ಅಷ್ಟ ದೂರ? ಇಲ್ಲೇ ಕಟ್ಟೂಣು."

ರಾತ್ರಿ ಊಟಕ್ಕೆ ಕೂತಾಗ ವಿಷಯ ಕೇಳಿ ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಮತ್ತ ನನ್ನ ಗೋದಾಮು?"

"ಜ್ವಾಳಕ್ಕ ಕಾಲಿಲ್ಲರಿ. ಎಲ್ಲಿಟ್ಟರ ಅಲ್ಲೇ ಇರ್ತೈತಿ. ಹುಡುಗರಿಗೆ ಕಾಲದಾವ, ಬಿಟ್ಟು ಹೋಗ್ತಾರ."

ಮಾವ ಉಳಿದ ರೊಟ್ಟಿಯನ್ನು ಮುಗಿಸಿ ಕೈ ತೊಳೆದರು. "ಜಾಗಾ ತಗೋ. ರೊಕ್ಕಾ ಮಾತ್ರ ಕೇಳಬ್ಯಾಡ," ಅಂದರು.

ನಕ್ಷೆಯ ಕೆಲಸ ನನ್ನ ತಲೆಗೆ ಬಂತು. ಆಗಷ್ಟೇ ನಾನು ಒಂದು ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿ ಸೇರಿದ್ದೆ. ಮಾವಿನಕಾಯಿ, ಗಿಳಿ, ತಂಬಿಗೆ, ಇವಿಷ್ಟೇ ನನ್ನ ವಿದ್ಯೆ! ಹಾಗೆಂದರೆ ಅತ್ತೆ ಕೇಳಬೇಕಲ್ಲ?

"ಬರಕೋ. ಪಾವಟಿಗಿ ಪಡುವಣ ದಿಕ್ಕಿಗಿರಲಿ, ಸಂಜೀ ಬಿಸಲು ಕಣ್ಣಿಗೆ ಹೊಡಿಬಾರದು. ಒಂದು ಬದಿ ಹೆಣ್ಣಮಕ್ಕಳಿಗೆ. ಬೆನ್ನಿಗೆ ಗ್ವಾಡಿ ಬೇಕು. ಗ್ವಾಡಿಗೆ ಕಬ್ಬಿಣದ ಕಡಿ ಹಾಕು."

"ಕಡಿ ಯಾಕತ್ತಿ?"

"ತೊಟ್ಟಿಲಾ ಕಟ್ಟಾಕ. ಕೂಸು ಅತ್ತರ ತಾಯಿ ಆಟ ಹ್ಯಾಂಗ ನೋಡ್ಯಾಳು?"

ಇಷ್ಟಕ್ಕೇ ನಿಲ್ಲಲಿಲ್ಲ. ಗೋಲಗುಮ್ಮಟದ ಒಳಗೆ ಒಂದು ಚಪ್ಪಾಳೆ ಹೊಡೆದರೆ ಮತ್ತೆ ಮತ್ತೆ ಕೇಳುತ್ತದಲ್ಲ, ಇಲ್ಲೂ ಹಾಗೇ ಆಗಬೇಕಂತೆ. ಮಂದಿ ಕಡಿಮೆ ಬಂದರೂ ಗದ್ದಲ ಕಡಿಮೆಯಾಗಬಾರದು, ನೋಡಿ! ಅದಕ್ಕೆ ಬಾದಶಹನೇ ಬೇಕಾಗುತ್ತದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿತು.

ಇನ್ನು ಕಲ್ಲು, ಕಂಬ, ಚಕ್ಕಡಿ. ದುಡ್ಡು ಕೇಳಿದರೆ ಜನ ಯೋಚನೆ ಮಾಡುತ್ತಾರೆ, ಸಾಮಾನು ಕೇಳಿದರೆ ಮುಜುಗರದಿಂದಲಾದರೂ ಕೊಡುತ್ತಾರೆ ಎಂಬುದು ಅತ್ತೆಯ ಲೆಕ್ಕ. ನನ್ನನ್ನು ಬಗಲಲ್ಲಿ ಕೂಡಿಸಿಕೊಂಡು ತಿಕೋಟಾದ ಬಸ್ಸು ಹತ್ತಿದಳು. ಅಲ್ಲಿ ಅವಳ ದೂರದ ಬಳಗದ ಗೌಡರೊಬ್ಬರು ದ್ರಾಕ್ಷಿ ತೋಟ ಮಾಡಿದ್ದರು. ಬಳ್ಳಿ ಹಬ್ಬಿಸಲು ತರಿಸಿದ್ದ ಕಲ್ಲುಕಂಬಗಳಲ್ಲಿ ಒಂದಿಷ್ಟು ಮಿಕ್ಕಿದ್ದವು. ಅತ್ತೆ ಎರಡು ಗುಟುಕು ಚಹಾ ಕುಡಿಯುವುದರೊಳಗೆ ಆ ಕಂಬಗಳು ಅವಳವಾದವು! ಅಲ್ಲಿಂದ ಕಾಖಂಡಕಿಗೆ. ಅಲ್ಲಿನ ರೈತರೊಬ್ಬರು ಹಳೆಯ ದನದ ಕೊಟ್ಟಿಗೆ ಕೆಡವಿ ಕಲ್ಲು ಒಟ್ಟಿದ್ದಾರೆಂದು ಸುದ್ದಿ ಬಂದಿತ್ತು.

"ಯಾವ ದೇವರ ಗುಡಿರಿ ತಂಗೆವ್ವಾ?" ಆ ಹಿರಿಯರು ಭಕ್ತಿಯಿಂದ ಕೇಳಿದರು.

"ದೇವರು ಹನ್ನೊಂದು ಮಂದಿ ಅದಾರ್ರಿ. ಎಲ್ಲಾ ಅರ್ಧ ಚಡ್ಡಿ ಹಾಕ್ಕೊಂತಾರ."

ಅವರು ಬಿದ್ದು ಬಿದ್ದು ನಕ್ಕರು. ನಕ್ಕವರು ಕಲ್ಲನ್ನೂ ಕೊಟ್ಟರು, ತಮ್ಮ ಚಕ್ಕಡಿಯಲ್ಲೇ ಹೇರಿಯೂ ಕಳಿಸಿದರು.

ಕೆಲಸ ನಡೆಯಿತು. ತಂಡದವರೇ ಮಣ್ಣು ಹೊತ್ತರು. ಗೌಂಡಿ, ಅಡಿಗೆಮನೆಯ ಆಸೆ ಬಿಟ್ಟು, ಒಂದು ಬದಿಗೆ ಪಾವಟಿಗೆ ಏರಿಸಿದ. ತಿಕೋಟಾದ ಕಲ್ಲುಕಂಬ ಗೋಲುಕಂಬಗಳಾದವು. ಆದರೆ ಅವಕ್ಕೆ ತಲೆ ತಾಗಿದರೆ? ಹಮಾಲನಿಗೆ ಇದ್ದದ್ದು ಒಂದೇ ತಲೆ! ಅತ್ತೆ ತನ್ನ ಹಳೆಯ ಸೀರೆಗಳನ್ನೆಲ್ಲ ತೆಗೆದು ಕೌದಿ ಹೊಲಿದು ಕಂಬಗಳಿಗೆ ಹೊದಿಸಿದಳು. ಬಣ್ಣಬಣ್ಣದ ಕೌದಿ ಹೊದ್ದು ನಿಂತ ಗೋಲುಕಂಬ ನೀವು ಎಲ್ಲಿಯಾದರೂ ಕಂಡಿದ್ದೀರಾ? ಚಳಿಗಾಲದಲ್ಲಿ ಅವನ್ನು ನೋಡಿದರೆ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು.

ಅತ್ತೆ ಮೊದಲು ಆಹ್ವಾನ ಕಳಿಸಿದ್ದು ಯಾರಿಗೆ ಎಂದುಕೊಂಡಿರಿ? ಆ ಸೊಲ್ಲಾಪುರದ ಗಿರಣಿಗೇ! "ಬಂದು ನೋಡ್ಲಿ, ನಮ್ಮದೂ ಐತಿ ಅಂತ." ಅವರು ಬಂದರು, ಜೊತೆಗೆ ಗಿರಣಿಯ ಸಾಹೇಬರೂ. ಪಾವಟಿಗೆಯ ತುಂಬ ಜನ. ಹೆಂಗಸರ ಬದಿಯಲ್ಲಿ ತೊಟ್ಟಿಲೂ ತೂಗಿತು. ಅತ್ತೆ ಮಾತ್ರ ಅಭ್ಯಾಸಬಲದಿಂದ ಮಾಳಿಗೆಯ ಮೇಲೇ ನಿಂತು ಕೂಗಿದಳು. ನಾಯಕ ಎಡಕ್ಕೆ ಕೊಟ್ಟ ಚೆಂಡನ್ನು ಟಾಂಗಾದವನು ಎಳೆದೊಯ್ದು ಗೋಲಿಗೆ ಹೊಡೆದ. ಇನ್ನೊಂದು ತುದಿಯಲ್ಲಿ ಹಮಾಲ ಬಂದದ್ದನ್ನೆಲ್ಲ ಹಿಡಿದ. ನಾವು ಗೆದ್ದೆವು! ಆ ಸಂಜೆಯ ಕೂಗಾಟಕ್ಕೆ ಗುಮ್ಮಟದ ಅಗತ್ಯವೇ ಬೀಳಲಿಲ್ಲ.

ಮರುದಿನ ಆ ಮೂವರೂ ಅತ್ತೆಯ ಬಾಗಿಲಲ್ಲಿ ನಿಂತರು. ನಾಯಕ ನೆಲ ನೋಡುತ್ತ ಹೇಳಿದ. ಸಾಹೇಬರು ಅವರ ಆಟ ಮೆಚ್ಚಿ ಗಿರಣಿಯಲ್ಲಿ ಕಾಯಂ ನೌಕರಿ ಕೊಡುವುದಾಗಿ ಹೇಳಿದ್ದರು. ಇರಲು ಖೋಲಿ ಕೂಡ.

ತಂಡ ಹೋಗಬಾರದೆಂದು ಅತ್ತೆ ಕಟ್ಟಿಸಿದಳು. ಕಟ್ಟಿಸಿದ್ದರಿಂದಲೇ ಸಾಹೇಬರು ಬಂದು ನೋಡಿದರು. ನೋಡಿದ್ದರಿಂದಲೇ ಕರೆದರು! ಸಿಟ್ಟು ಮಾಡಬೇಕೆಂದರೂ ಯಾರ ಮೇಲೆ ಮಾಡುವುದು?

"ಅಲ್ಲಿ ಊಟಕ್ಕ ಹ್ಯಾಂಗ?" ಎಂದು ಅತ್ತೆ ಕೇಳಿದಳು.

ಮೂವರನ್ನೂ ಕಳಿಸಲು ಸ್ಟೇಷನ್ನಿಗೂ ಬಂದಳು. ಬುತ್ತಿ ಕೊಟ್ಟಳು. ಗಾಡಿ ಹೊರಟಮೇಲೆ ಕಿಟಕಿಯ ಜೊತೆಗೇ ನಡೆಯುತ್ತ, "ಎಡಗಡೆ ಬಯಲು ಬಿಟ್ಟಗಿಟ್ಟೀರಿ ಮತ್ತ!" ಎಂದು ಗದರಿದಳು.

ಎರಡು ದಿನ ಬಿಟ್ಟು, ಹೇಗಿದ್ದಾಳೋ ನೋಡಿ ಬರೋಣವೆಂದು ಸಂಜೆ ಹೋದೆ. ಮನೆಯಲ್ಲಿ ಯಾರೂ ಇರಲಿಲ್ಲ. ಪಕ್ಕದ ಕಿಟಕಿಯಿಂದ ನೋಡಿದರೆ ಅತ್ತೆ ಪಾವಟಿಗೆಯ ಮೇಲೆ ಒಬ್ಬಳೇ ಕೂತಿದ್ದಳು. ಆ ಮೂವರಿಲ್ಲದೆ ಉಳಿದವರೂ ಬಂದಿರಲಿಲ್ಲ, ಬಯಲಲ್ಲಿ ಆಟವಿಲ್ಲ. ಅಷ್ಟರಲ್ಲಿ ಮಾವ ಅಂಗಡಿಯಿಂದ ನೇರ ಬಯಲಿಗೇ ಬಂದರು, ಎಂದಿಗಿಂತ ಬಹಳ ಬೇಗ.

"ನಾಳಿಂದ ನಿಮ್ಮ ಗೋದಾಮು ಸುರು ಮಾಡ್ರಿ," ಅಂದಳು ಅತ್ತೆ, ತಲೆ ಎತ್ತದೆ.

ಮಾವ ಕೆಳಗಿನ ಪಾವಟಿಗೆಯ ಬಳಿ ಬಿದ್ದಿದ್ದ ಚೆಂಡನ್ನು ಎತ್ತಿ ಅವಳ ಮುಂದಿಟ್ಟರು. ಟೊಪ್ಪಿಗೆ ತೆಗೆದು ಕಲ್ಲಿನ ಮೇಲಿಟ್ಟು, ಧೋತರವನ್ನು ಮೇಲೆ ಕಟ್ಟಿ, ತಮ್ಮ ದೊಡ್ಡ ಹೊಟ್ಟೆಯೊಂದಿಗೆ ಹೋಗಿ ಗೋಲಿನ ನಡುವೆ ನಿಂತರು.

"ಒದಿ," ಅಂದರು.

"ಅಯ್ಯ! ಯಾರರ ನೋಡಿದ್ರ?"

"ನೋಡ್ಲಿ. ಪಾವಟಿಗಿ ಅದಕ್ಕ ಕಟ್ಟಿಸಿದ್ದಲ್ಲ?"

ಅಷ್ಟು ವರ್ಷ ಅಷ್ಟು ಮಂದಿಗೆ ಒದೆಯುವುದನ್ನು ಹೇಳಿಕೊಟ್ಟವಳು ಒಮ್ಮೆಯೂ ಚೆಂಡಿಗೆ ಕಾಲು ತಾಗಿಸಿರಲಿಲ್ಲ. ಆಚೆ ಈಚೆ ನೋಡಿದಳು. ಚಪ್ಪಲಿ ಬಿಟ್ಟಳು. ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು ಒದ್ದಳು.

ಚೆಂಡು ಉರುಳುತ್ತ ಉರುಳುತ್ತ, ನಿಂತೇ ಹೋಗುತ್ತದೇನೋ ಎಂಬಂತೆ ಮಾವನ ಕಡೆ ಬಂತು. ಕೂಸು ಕೂಡ ಹಿಡಿಯಬಹುದಾದ ಚೆಂಡು. ಮಾವ ಅದನ್ನೇ ನೋಡುತ್ತ, ಮೆಲ್ಲಗೆ ಒಂದು ಕಾಲನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟರು.

ಆಮೇಲೆ ಹಿಂದೆ ಹೋಗಿ ಎತ್ತಿಕೊಂಡು, ಧೂಳು ಒರೆಸಿ, ಮತ್ತೆ ಅವಳ ಕಾಲ ಬಳಿಗೆ ಉರುಳಿಸಿದರು.

"ಇನ್ನೊಂದ ಸಲ," ಅಂದರು.