ಮೂರು ಮೀಟರ್ ಕಡಿಮೆ ಬಿದ್ದ ಕೇಬಲ್ ಮಹಾಶಯರಿಗೆ

ಮಾನ್ಯ ಆರ್‌ಜಿ-ಆರು ಕೇಬಲ್ ಮಹಾಶಯರೇ,

ಪುಣೆಯ ಕೊಂಢವಾ ನಿವಾಸಿಯೂ, ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸಿ ನಿವೃತ್ತನಾದವನೂ ಆದ ಪಂಢರಿನಾಥ ಕಟಗೇರಿಯ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಕಪ್ಪು ಮೈಯೂ ನಟ್ಟನಡುವಿನ ತಂತಿಯೂ ಕ್ಷೇಮವೆಂದು ಭಾವಿಸುತ್ತೇನೆ. ಇಲ್ಲಿ ನಾವೂ ಕ್ಷೇಮ. ಅದು ತಮ್ಮ ದಯೆಯಿಂದಲ್ಲ ಎಂಬುದನ್ನು ವಿನಯದಿಂದ ಅರಿಕೆ ಮಾಡಿಕೊಳ್ಳಲು ಈ ಪತ್ರ.

ಹಳೆಯ ಮಿನಿಬಸ್ಸೊಂದರ ಸೀಟು ಕಿತ್ತು, ಎರಡು ಮಂಚ, ಒಂದು ಗ್ಯಾಸ್ ಒಲೆ, ಒಂದು ಟೀವಿ ಕೂಡಿಸಿ ನಾನು ಕ್ಯಾರವಾನ್ ಮಾಡಿದ್ದು ಶೋಕಿಗಲ್ಲ. ಮಂಡಿನೋವಿನ ನಮ್ಮ ಅತ್ತೆ ಯಮುನಾಬಾಯಿಯವರು ಸ್ವಾರಗೇಟ್ ನಿಲ್ದಾಣದ ಬಸ್ಸು ಹತ್ತಲಾರರು. ಸೊಂಟ ಮುರಿದುಕೊಂಡ ಅವರ ತಂಗಿ ತುಂಗಕ್ಕ ಬಾಗಲಕೋಟೆ ಬಿಟ್ಟು ಬರಲಾರರು. ಐದು ವರ್ಷದ ಹಿಂದೆ ತುಂಗಕ್ಕನ ಮೊಮ್ಮಗಳ ಮದುವೆಯಲ್ಲಿ, ತನಗೆ ಕೊಟ್ಟ ಸೀರೆ ಬೀಗರಿಗೆ ಕೊಟ್ಟದ್ದಕ್ಕಿಂತ ಹಗುರವೆಂದು ಸಿಟ್ಟಾದ ಅತ್ತೆಯವರು ಅದನ್ನು ಮಂಚದ ಮೇಲೆಯೇ ಬಿಟ್ಟು ಎದ್ದು ಬಂದಿದ್ದರು. ಎರಡು ವರ್ಷ ಮಾತೇ ಇಲ್ಲ. ಆಮೇಲೆ ಇಬ್ಬರನ್ನೂ ಮಾತಾಡಿಸಿದ್ದು ಮಧ್ಯಾಹ್ನ ಎರಡರ ಕನ್ನಡ ಧಾರಾವಾಹಿ: ಅವರು ಅಲ್ಲಿ ನೋಡುತ್ತಾರೆ, ಇವರು ಇಲ್ಲಿ ನೋಡುತ್ತಾರೆ, ಎರಡೂವರೆಗೆ ಸರಿಯಾಗಿ ಫೋನು ಹಚ್ಚಿ ನಾಯಕಿಯ ಅತ್ತೆಯನ್ನು ಇಬ್ಬರೂ ಸೇರಿ ಬೈಯುತ್ತಾರೆ. ಸೀರೆಯ ಮಾತನ್ನು ಮಾತ್ರ ಒಬ್ಬರೂ ಎತ್ತುವುದಿಲ್ಲ. ಈಗ ತಂಗಿಗೆ ಹೇಳದೆ ಕೇಳದೆ ನೋಡಲು ಹೊರಡೋಣವೆಂದಾಗ ಅತ್ತೆಯವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ದಾರಿಯಲ್ಲಿ ಆ ದಿನದ ಕಂತು ತಪ್ಪಬಾರದು. “ಅದೂ ನೋಡಲಿಲ್ಲಂದ್ರ ಅಕಿ ಮುಂದ ಕೂತು ಏನ್ ಮಾತಾಡ್ಲಿರಿ, ಅಳಿಯಂದ್ರ?” ಎಂದರು. ನಗುತ್ತಲೇ ಅಂದರು, ಆದರೆ ಅವರಿಗೆ ನಿಜಕ್ಕೂ ಹೆದರಿಕೆಯಿತ್ತು.

ಆದ್ದರಿಂದ ಡಿಶ್ಶಿನಿಂದ ಟೀವಿಗೆ ಸಿಗ್ನಲ್ ಹೊತ್ತು ತರುವ ಕೇಬಲ್ಲನ್ನು ನಾನು ಮಗಳಿಗೆ ವರ ನೋಡುವಷ್ಟು ಗಂಭೀರವಾಗಿ ಹುಡುಕಿದೆ. ಅಂಗಡಿಯಲ್ಲಿ ಆರ್‌ಜಿ-ಐವತ್ತೊಂಬತ್ತು ಎಂಬುದೊಂದಿತ್ತು, ತಾವೊಬ್ಬರಿದ್ದಿರಿ. ಐವತ್ತೊಂಬತ್ತೆಲ್ಲಿ, ಆರೆಲ್ಲಿ ಎಂದು ದೊಡ್ಡ ಅಂಕಿಯವರನ್ನೇ ಮನೆಗೆ ಕರೆತಂದೆ. ನೋಡಿದರೆ ಅವರು ತಮಗಿಂತ ತೆಳ್ಳಗೆ, ಸಿಗ್ನಲ್ಲನ್ನು ಅರ್ಧ ದಾರಿಯಲ್ಲೇ ಸೋರಿಸಿಬಿಡುವ ಜಾತಿ! ಮರುದಿನ ನಾಚಿಕೆಯಿಂದ ತಮ್ಮ ಬಳಿ ಬಂದೆ. ಒಳಗಿನ ತಂತಿ ತಾಮ್ರದ್ದೆಂದರು ಅಂಗಡಿಯವರು. ಕಾರ್ಖಾನೆಯ ಕಾಲದಿಂದ ಜೇಬಿನಲ್ಲೇ ಇರುವ ಅಯಸ್ಕಾಂತ ಹಿಡಿದೆ, ತಾವು ಟಪ್ಪನೆ ಅಂಟಿಕೊಂಡಿರಿ. ಉಕ್ಕಿನ ಮೇಲೆ ತಾಮ್ರದ ಬರೀ ಲೇಪ! “ಕಾಕಾ, ಸಗಳೀಕಡೇ ಅಸಂಚ ಅಸತಂ” ಎಂದು, ಎಲ್ಲ ಕಡೆಯೂ ಇರುವುದು ಹೀಗೇ ಎಂಬ ಅಭಯವನ್ನು ಅವರು ಮರಾಠಿಯಲ್ಲಿ ದಯಪಾಲಿಸಿದರು. ಡಿಶ್ಶಿಗೆ ಅಷ್ಟು ಸಾಕಂತೆ. ಗಾಡಿಯ ಉದ್ದವನ್ನು ಎರಡೆರಡು ಸಲ ಅಳೆದು, ಮೇಲೆ ಉದಾರವಾಗಿ ನಾಲ್ಕು ಮೀಟರ್ ಸೇರಿಸಿ, ಹತ್ತು ಮೀಟರ್ ಕತ್ತರಿಸಿಕೊಂಡು ಬಂದೆ. ಮರದ ನೆರಳನ್ನು ಅಳೆಯಬೇಕೆಂದು ಈ ಗುಣಮಟ್ಟದ ತಲೆಗೆ ಹೊಳೆಯಲಿಲ್ಲ.

ಸೋಲಾಪುರ ಇನ್ನೂ ಮೂವತ್ತು ಕಿಲೋಮೀಟರ್ ಇರುವಾಗ, ಏಪ್ರಿಲ್ ಬಿಸಿಲಿನಲ್ಲಿ, ಎರಡಕ್ಕೆ ಹತ್ತು ನಿಮಿಷವಿದೆ ಎಂದಾಗ, ಧಾಬಾ ಒಂದರ ಬೇವಿನ ಮರದಡಿ ಗಾಡಿ ನಿಲ್ಲಿಸಿದೆವು. ಡಿಶ್ಶಿಗೆ ಬಯಲಿನ ಆಕಾಶವೇ ಬೇಕು, ಅತ್ತೆಯವರಿಗೆ ನೆರಳೇ ಬೇಕು, ಗಾಡಿಯನ್ನು ಬಿಸಿಲಿಗೆ ತಂದರೆ ಆ ತಗಡಿನೊಳಗೆ ಅವರು ರೊಟ್ಟಿಯಂತೆ ಬೇಯುತ್ತಾರೆ. ಎರಡರ ನಡುವೆ ಹದಿಮೂರು ಮೀಟರ್. ತಾವು ಹತ್ತಕ್ಕೆ ನಿಂತಿರಿ. ಎಳೆದೆ, ಬೇಡಿಕೊಂಡೆ, ಕೊನೆಗೆ ಗಾಡಿಯಲ್ಲಿದ್ದ ಆ ಐವತ್ತೊಂಬತ್ತರ ತುಂಡನ್ನು ತಮಗೆ ಹೊಸೆದು ಕಪ್ಪು ಟೇಪು ಸುತ್ತಿದೆ. ಆ ಸಂಬಂಧ ತಮಗೆ ಒಗ್ಗಲಿಲ್ಲ, ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂಬ ಎರಡೇ ಪದ. ಎರಡು ಹೊಡೆಯಿತು. ಎರಡರ ಮೇಲೆ ಹತ್ತು ನಿಮಿಷವಾಯಿತು. “ಗಾಡಿ ಹೊಳ್ಳಸ್ರಿ, ಮನೀಗೆ ಹೋಗೂಣು” ಎಂದರು ಅತ್ತೆಯವರು. ಆಗ ನನ್ನ ಹೆಂಡತಿ ನೀರಜಾ ನೋಡಿದ ನೋಟ ನ್ಯಾಯವಾಗಿ ತಮ್ಮ ಮೇಲೆ ಬೀಳಬೇಕಿತ್ತು, ನನ್ನ ಮೇಲೆ ಬಿತ್ತು.

ಆದಕಾರಣ ತಮ್ಮಲ್ಲಿ ನನ್ನ ನಮ್ರ ಬೇಡಿಕೆಗಳಿವೆ. ಮುಂದೆ ಬೇವಿನ ಮರ ಕಂಡೊಡನೆ ತಾವು ತಾವಾಗಿಯೇ ಮೂರು ಮೀಟರ್ ಬೆಳೆಯತಕ್ಕದ್ದು; ಅದು ತಮ್ಮ ಘನತೆಗೆ ಕುಂದೆನಿಸಿದರೆ ಉಪಗ್ರಹದವರಿಗೆ ಒಂದು ಮಾತು ಹೇಳಿ ಅವರನ್ನು ಮರದ ಈಚೆಗೆ ಸರಿಸತಕ್ಕದ್ದು; ಅದೂ ಆಗದಿದ್ದರೆ ಎರಡರಿಂದ ಎರಡೂವರೆಯವರೆಗೆ ಸೂರ್ಯನಿಗಾದರೂ ರಜೆ ಕೊಡಿಸತಕ್ಕದ್ದು.

ಅಂದು ಮುಂದೆ ನಡೆದದ್ದರಲ್ಲಿ ತಮ್ಮ ಪಾತ್ರವಿಲ್ಲ. ಅತ್ತೆಯವರು ಮೂರು ವರ್ಷದಲ್ಲಿ ಮೊದಲ ಸಲ ಎರಡೂವರೆಗೆ ಕಾಯದೆ, ಧಾರಾವಾಹಿಯ ನಡುವೆಯೇ ತಂಗಿಗೆ ಫೋನು ಹಚ್ಚಿ, ಇವತ್ತೇನಾಯಿತೆಂದು ಕೇಳಿದರು. ಹೇಳುತ್ತ ಹೇಳುತ್ತ ತುಂಗಕ್ಕ, “ಯಾಕ, ನೀ ನೋಡವಲ್ಲೇನು?” ಎಂದುಬಿಟ್ಟರು. ಅತ್ತೆಯವರಿಗೆ ಸುಳ್ಳು ಬಾರದು. “ನಿನ್ನ ಕಡೇನ ಹೊಂಟೀನವಾ. ದಾರ್ಯಾಗ ಅದೀನಿ” ಎಂದರು. ಫೋನಿನ ಸ್ಪೀಕರಿನಲ್ಲಿ ನಾಯಕಿಯ ಅತ್ತೆ ಅರಚುತ್ತಲೇ ಇದ್ದಳು. ಥಟ್ಟನೆ ಅವಳ ಸದ್ದಡಗಿತು. “ಟೀವಿ ಬಂದ್ ಮಾಡೀನಿ, ಅಕ್ಕಾ. ಲಗೂನ ಬಾ.” ಅತ್ತೆಯವರು ಸೆರಗಿನಿಂದ ಕಣ್ಣೊರಸಿಕೊಂಡು ನನ್ನ ಮೇಲೆ ಹರಿಹಾಯ್ದರು: “ತಂತಿ ಸುತಗೋತ ಏನ್ ನಿಂತೀರಿ? ಗಾಡಿ ಹೊಡೀರಿ!”

ತಾವು ಇನ್ನೂ ಮೂರು ಮೀಟರ್ ಉದ್ದವಿದ್ದಿದ್ದರೆ ಆ ಫೋನು ಹೋಗುತ್ತಲೇ ಇರಲಿಲ್ಲ, ಆದ್ದರಿಂದ ತಮಗೆ ಧನ್ಯವಾದ ಹೇಳಿ ಎನ್ನುತ್ತಾಳೆ ನೀರಜಾ. ಕೂದಲೆಳೆಯಷ್ಟು ಅಳತೆ ತಪ್ಪಿದ ಭಾಗವನ್ನೂ ಮೂವತ್ತೊಂದು ವರ್ಷ ಪಾಸು ಮಾಡದ ಕೈ ಇದು, ಅದನ್ನು ಬರೆಯಲಾರದು. ತಮ್ಮನ್ನು ಕೆಂಪು ಶಾಯಿಯಲ್ಲಿ ತಿರಸ್ಕರಿಸಿದ್ದೇನೆ.

ಹತ್ತು ಮೀಟರಿನವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಪಂಢರಿನಾಥ ಕಟಗೇರಿ
(ಮೊಕ್ಕಾಂ ಬಾಗಲಕೋಟೆ)

ತಾ.ಕ.: ತಿರಸ್ಕೃತರಾದರೂ ತಮಗೆ ಕೆಲಸ ತಪ್ಪಿಸಿಲ್ಲ. ತುಂಗಕ್ಕನ ಹಿತ್ತಲಲ್ಲಿ ಎರಡು ಕಂಬಗಳ ನಡುವೆ ಬಟ್ಟೆ ಒಣಹಾಕಲು ತಮ್ಮನ್ನು ಕಟ್ಟಿದ್ದೇನೆ. ಅಲ್ಲಿ ಮಾತ್ರ ಒಂದು ಬೆರಳೂ ಕಡಿಮೆ ಬೀಳಲಿಲ್ಲವಲ್ಲ, ಭಲೇ! ನಿನ್ನೆಯಿಡೀ ಅತ್ತೆಯವರು ಉಟ್ಟುಕೊಂಡು ಓಡಾಡಿ, ಈ ಬೆಳಗ್ಗೆ ಒಗೆದು ತಮ್ಮ ಮೇಲೆ ಹರವಿರುವುದು, ಐದು ವರ್ಷ ತುಂಗಕ್ಕನ ಟ್ರಂಕಿನಲ್ಲಿದ್ದ ಆ ಹಗುರ ಸೀರೆ. ಅದನ್ನಾದರೂ ನೆಲಕ್ಕೆ ಬೀಳಿಸದೆ ಹಿಡಿದುಕೊಳ್ಳಿ.